ನಕ್ಷೆಯ ಮೇಲೊಂದು ತೆಳು ಹಾಳೆ

ಆರ್ಕಿಟೆಕ್ಚರ್ ಕಾಲೇಜಿನ ಸ್ಟುಡಿಯೋದಲ್ಲಿ ನಿಜವಾದ ಪಾಠ ನಡೆಯುವುದು ವಿದ್ಯಾರ್ಥಿಯ ಮೇಜಿನ ಬಳಿ. ಮೇಡಂ ಒಂದೊಂದೇ ಮೇಜಿಗೆ ಬಂದು, ಪಕ್ಕದಲ್ಲಿ ಕೂತು ನಕ್ಷೆ ತಿದ್ದುತ್ತಾರೆ. ಐದು ವರ್ಷದ ಬಿ.ಆರ್ಕ್ ಉದ್ದಕ್ಕೂ ನಡೆಯುವ ಈ ಕ್ರಮಕ್ಕೆ ಡೆಸ್ಕ್ ಕ್ರಿಟ್ ಎಂದು ಹೆಸರು.

ಬಂದವರು ಕೂಡಲೇ ಪೆನ್ಸಿಲ್ ಎತ್ತುವುದಿಲ್ಲ. ಉತ್ತರ ದಿಕ್ಕಿನ ಬಾಣ ಎಲ್ಲಿದೆ, ಸ್ಕೇಲ್ ಎಷ್ಟು ಎಂದು ಮೊದಲು ನೋಡುತ್ತಾರೆ. 1:100 ಎಂದರೆ ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ಕಟ್ಟಡದಲ್ಲಿ ಒಂದು ಮೀಟರ್. ಗೆರೆ ಒಂದು ಮಿಲಿಮೀಟರ್ ಸರಿದರೆ ಗೋಡೆ ಹತ್ತು ಸೆಂಟಿಮೀಟರ್ ಸರಿಯುತ್ತದೆ. ಆಮೇಲೆ ಅವರ ಬೆರಳು ಮುಂಬಾಗಿಲಿನಿಂದ ಒಳಗೆ ನಡೆಯತೊಡಗುತ್ತದೆ: ಪಡಸಾಲೆ, ಅಡುಗೆಮನೆ, ಮೆಟ್ಟಿಲು. ಮೆಟ್ಟಿಲ ಬಳಿ ಬೆರಳು ನಿಂತಿತು ಅನ್ನಿ.

ಈಗ ಬಟರ್ ಪೇಪರ್ ಸುರುಳಿ ಬಿಚ್ಚುತ್ತಾರೆ. ಕೆಳಗಿನದು ಕಾಣುವಷ್ಟು ತೆಳುವಾದ ಈ ಹಾಳೆಯನ್ನು ನಕ್ಷೆಯ ಮೇಲೆ ಹಾಸಿ, ಮೆದು ಪೆನ್ಸಿಲಿನಲ್ಲಿ ಸೆಕ್ಷನ್ ಬರೆಯುತ್ತಾರೆ. ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವ ನೋಟವೇ ಸೆಕ್ಷನ್. ಒಂದು ಮಹಡಿಯಿಂದ ಮುಂದಿನದಕ್ಕೆ ಮೂರು ಮೀಟರ್. ಪ್ರತಿ ಮೆಟ್ಟಿಲಿನ ಏರು 150 ಮಿಲಿಮೀಟರ್ ಆದರೆ ಒಟ್ಟು 20 ಏರು. ಹತ್ತು ಹತ್ತಿ, ತಿರುಗಿ, ಇನ್ನು ಹತ್ತು ಹತ್ತಬೇಕು. ಹತ್ತು ಏರುಗಳ ನಡುವೆ ಕಾಲಿಡುವ ಹಾಸು ಒಂಬತ್ತು. ತಲಾ 300 ಮಿಲಿಮೀಟರಿನಂತೆ 2.7 ಮೀಟರ್. ಹುಡುಗ ಮೆಟ್ಟಿಲಿಗೆ ಬಿಟ್ಟಿರುವ ಉದ್ದವೇ ಮೂರು ಮೀಟರ್.

"ತಿರುಗಿ ನಿಲ್ಲೋಕೆ ಎಷ್ಟು ಜಾಗ ಉಳೀತಪ್ಪಾ?"

ಅವನು ಸ್ಕೇಲ್ ಇಟ್ಟು ಅಳೆಯುತ್ತಾನೆ. "ಮೂವತ್ತು ಸೆಂಟಿಮೀಟರ್, ಮೇಡಂ."

ಉತ್ತರವನ್ನು ಅವರೇ ಹೇಳಿಬಿಡಬಹುದಿತ್ತು. ಅವನಿಂದಲೇ ಅಳೆಸಿದ್ದರಲ್ಲಿ ಈ ಕೆಲಸದ ಕುಶಲತೆ ಇದೆ ಎಂದು ನನಗೆ ಅನಿಸುತ್ತದೆ. ಮೆಟ್ಟಿಲನ್ನು ಉದ್ದ ಮಾಡಬೇಕೋ, ಮೂರು ತಿರುವು ಕೊಡಬೇಕೋ, ಬೇರೆ ಮೂಲೆಗೆ ಒಯ್ಯಬೇಕೋ? ಒಂದೊಂದು ದಾರಿಗೂ ಒಂದೊಂದು ಹೊಸ ಹಾಳೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಅವನಿಗೇ ಬಿಟ್ಟದ್ದು. ರಾತ್ರಿಯೆಲ್ಲ ಕೂತು ಬರೆದ ಮೂಲ ನಕ್ಷೆಯ ಮೇಲೆ ಮಾತ್ರ ಒಂದು ಗೆರೆಯೂ ಬೀಳುವುದಿಲ್ಲ.

ಸೆಮಿಸ್ಟರ್ ಕೊನೆಗೆ ಜ್ಯೂರಿ ಇರುತ್ತದೆ. ಹಾಳೆಗಳನ್ನು ಗೋಡೆಗೆ ಪಿನ್ ಮಾಡಿ, ಹೊರಗಿನಿಂದ ಬಂದ ಆರ್ಕಿಟೆಕ್ಟ್‌ಗಳ ಮುಂದೆ ವಿವರಿಸಬೇಕು. ಅಲ್ಲಿ ಸಿಗುವುದು ಕೆಲವೇ ನಿಮಿಷ. ಮೇಜಿನ ಬಳಿ ಹಾಗಲ್ಲ, ಒಂದು ಮೆಟ್ಟಿಲಿಗೇ ಅರ್ಧ ಗಂಟೆ ಹಿಡಿಯಬಹುದು.

ಮೇಡಂ ಬಟರ್ ಪೇಪರಿನ ಮೂರು ತುಂಡುಗಳನ್ನೂ ಅವನ ಮೇಜಿನ ಮೇಲೇ ಬಿಟ್ಟು, ಸುರುಳಿಯನ್ನು ಕಂಕುಳಲ್ಲಿ ಇರಿಸಿಕೊಂಡು ಮುಂದಿನ ಮೇಜಿಗೆ ಹೋಗುತ್ತಾರೆ.