ಬೇಸ್ ಮಾಡೆಲ್ಲೋ, ಟಾಪ್ ಮಾಡೆಲ್ಲೋ?



ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯಲ್ಲಿ ಒಂದು ಮನೆ ಇದೆ ಎಂದು ಭಾವಿಸಿಕೊಳ್ಳಿ. ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ಮನೆಗೆ ಮೊದಲ ಕಾರು ತರಬೇಕೆಂದಿದ್ದಾನೆ. ಕಬ್ಬಿನ ಬಿಲ್ಲು ಬಂದ ಮೇಲೆ ಅಪ್ಪ ಮುಂಗಡ ಕೊಡುತ್ತಾರೆ, ಉಳಿದದ್ದು ಬ್ಯಾಂಕಿನ ಸಾಲ. ಅಣ್ಣನಿಗೆ ಸಾದಾ ಕಾರು ಸಾಲದು, ಜೋರಾಗಿ ಓಡುವ ಸಣ್ಣ ಕಾರೇ ಬೇಕು. ಶೋರೂಮಿನಲ್ಲಿ ಮಾರುವ ಹುಡುಗ, "ಅಣ್ಣಾರ, ಇನ್ನೊಂದ್ ಲಕ್ಷ ಹಾಕ್ರಿ, ಟಾಪ್ ಮಾಡೆಲ್ಲೇ ಬರತೈತಿ" ಎನ್ನುತ್ತಾನೆ. ಅಪ್ಪ ನಿಮ್ಮ ಕಡೆ ತಿರುಗಿ, "ನೀ ಓದೀದಿ, ಈ ಕಾಗದದಾಗ ಏನೈತಿ ನೋಡಿ ಹೇಳು" ಎನ್ನುತ್ತಾರೆ. ನೀವು ಏನು ಹೇಳುವಿರಿ?

ಈ ಪ್ರಶ್ನೆಗೆ ಉತ್ತರ ಹುಡುಕುವುದು ಹೇಗೆಂಬುದನ್ನು ಇಲ್ಲಿ ನೋಡೋಣ. ಇದರಲ್ಲಿ ಸ್ವಲ್ಪ ವಿಜ್ಞಾನವಿದೆ, ಸ್ವಲ್ಪ ಗಣಿತವಿದೆ. ಮನೆಯವರ ಜೀವದ ಮಾತೂ ಇದೆ.

ಹಾಟ್ ಹ್ಯಾಚ್ ಎಂದರೇನು?

ಹಿಂಬದಿಯ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಅದೇ ಮೈಕಟ್ಟಿಗೆ ಹೆಚ್ಚು ಶಕ್ತಿಯ ಎಂಜಿನ್ನನ್ನೂ ಬಿಗಿಯಾದ ಸಸ್ಪೆನ್ಷನ್ನನ್ನೂ ಕೊಟ್ಟರೆ ಅದು ಹಾಟ್ ಹ್ಯಾಚ್. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1976ರಲ್ಲಿ ಮಾರಾಟಕ್ಕೆ ತಂದ ಗಾಲ್ಫ್ ಜಿಟಿಐ ಈ ಬಗೆಯ ಕಾರುಗಳನ್ನು ಜನಪ್ರಿಯಗೊಳಿಸಿತು. ನಮ್ಮ ದೇಶದಲ್ಲಿ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿಯೂ, ಹುಂಡೈ ಐ20 ಎನ್ ಲೈನ್ 2021ರಲ್ಲಿಯೂ, ಟಾಟಾ ಆಲ್ಟ್ರೋಜ್ ರೇಸರ್ 2024ರಲ್ಲಿಯೂ ಬಂದವು. ವಿದೇಶಗಳ ಹಾಟ್ ಹ್ಯಾಚ್‌ಗಳಿಗೆ ಹೋಲಿಸಿದರೆ ಇವು ಸೌಮ್ಯವಾದವು.

ಹೀಗೇಕೆ? ಕಾರಣ ನಮ್ಮ ತೆರಿಗೆಯಲ್ಲಿದೆ. ಉದ್ದ 4 ಮೀಟರ್ ಮೀರದ, ಎಂಜಿನ್ 1200 ಸಿಸಿ ಮೀರದ ಪೆಟ್ರೋಲ್ ಕಾರು 'ಸಣ್ಣ ಕಾರು' ಎನಿಸಿಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಶೇಕಡಾ 18 ಜಿಎಸ್‌ಟಿ. ಈ ಮಿತಿ ದಾಟಿದರೆ ತೆರಿಗೆ ಬಹಳ ಹೆಚ್ಚು. ಆದ್ದರಿಂದ ಕಂಪನಿಗಳು ಎಂಜಿನ್ನನ್ನು ದೊಡ್ಡದು ಮಾಡುವ ಬದಲು ಸಣ್ಣ ಎಂಜಿನ್ನಿಗೆ ಟರ್ಬೊ ಜೋಡಿಸುತ್ತವೆ. ಟರ್ಬೊ ಎಂದರೆ ಒಂದು ಗಾಳಿಚಕ್ರ. ಹೊರಹೋಗುವ ಹೊಗೆಯ ವೇಗದಿಂದಲೇ ಅದು ತಿರುಗಿ, ಹೊಸ ಗಾಳಿಯನ್ನು ಒತ್ತಿ ಸಿಲಿಂಡರಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಹೆಚ್ಚು ಇಂಧನ ಉರಿಯುತ್ತದೆ, ಶಕ್ತಿಯೂ ಹೆಚ್ಚುತ್ತದೆ. ಐ20ರ ಸಾದಾ 1197 ಸಿಸಿ ಎಂಜಿನ್ 83 ಪಿಎಸ್ ಶಕ್ತಿ ಕೊಟ್ಟರೆ, ಎನ್ ಲೈನಿನ 998 ಸಿಸಿ ಟರ್ಬೊ ಎಂಜಿನ್ 120 ಪಿಎಸ್ ಕೊಡುತ್ತದೆ.

ಒಂದೇ ಕಾರು, ಹಲವು ಬೆಲೆ

ಒಂದೇ ಕಾರನ್ನು ಕಂಪನಿ ಎರಡು, ಮೂರು, ಕೆಲವೊಮ್ಮೆ ಹತ್ತು ಬಗೆಗಳಲ್ಲಿ ಮಾರುತ್ತದೆ. ಇವುಗಳಿಗೆ ವೇರಿಯಂಟ್ ಎಂದು ಹೆಸರು. ಜನರ ಬಾಯಲ್ಲಿ ಇವು ಬೇಸ್ ಮಾಡೆಲ್, ಟಾಪ್ ಮಾಡೆಲ್. ಇವುಗಳ ವ್ಯತ್ಯಾಸಗಳನ್ನು ಮೂರು ಗುಂಪು ಮಾಡಿಕೊಂಡರೆ ಕೆಲಸ ಸುಲಭ.

ಮೊದಲನೆಯದು, ಕಾರ್ಖಾನೆಯಲ್ಲಿಯೇ ಆಗಬೇಕಾದ ಕೆಲಸ: ಎಂಜಿನ್, ಗೇರ್‌ಬಾಕ್ಸ್, ಏರ್‌ಬ್ಯಾಗ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಕಾರು ಜಾರುವಾಗ ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ಸ್ಥಿರತಾ ನಿಯಂತ್ರಣ. ಇವನ್ನು ಆಮೇಲೆ ಯಾವ ಗ್ಯಾರೇಜಿನಲ್ಲಿಯೂ ಸರಿಯಾಗಿ ಹಾಕಿಸಲಾಗದು.

ಎರಡನೆಯದು, ಪೇಟೆಯಲ್ಲಿ ಸಿಗುವ ವಸ್ತು: ಸೀಟ್ ಕವರ್, ಸ್ಪೀಕರ್, ಹಿಂಬದಿಯ ಕ್ಯಾಮೆರಾ. ಇವನ್ನು ಮುಂದಿನ ವರ್ಷ ಕೈಯಲ್ಲಿ ಹಣವಿದ್ದಾಗ ಹಾಕಿಸಬಹುದು. ಆದರೆ ಕಂಪನಿಯ ವೈರಿಂಗ್ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ತೊಂದರೆಯಾಗಬಹುದೆಂಬುದು ನೆನಪಿರಲಿ.

ಮೂರನೆಯದು, ಬರೀ ನೋಟ: ಕೆಂಪು ಗೆರೆ, ಬಣ್ಣದ ದೀಪ, ಬಾಗಿಲ ಮೇಲಿನ ಅಕ್ಷರ. ಇವುಗಳಿಂದ ಕಾರು ಒಂದು ಗೇಣೂ ಮುಂದೆ ಓಡುವುದಿಲ್ಲ.

ನಿಯಮ ಸರಳ. ಹಣ ಮೊದಲ ಗುಂಪಿಗೆ ಹೋಗಲಿ. ಉಳಿದರೆ ಎರಡನೆಯದಕ್ಕೆ, ಅದರಲ್ಲಿಯೂ ಉಳಿದರೆ ಮೂರನೆಯದಕ್ಕೆ.

ಪೋಲೊ ಕಲಿಸಿದ ಪಾಠ

ಮೊದಲ ಗುಂಪಿಗೆ ಏಕಿಷ್ಟು ಮಹತ್ವ? ಜಾಗತಿಕ ಸುರಕ್ಷಾ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ಭಾರತದಲ್ಲಿ ಮಾರುವ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. 2014ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್ ಪೋಲೊಗೆ ವಯಸ್ಕರ ರಕ್ಷಣೆಯಲ್ಲಿ ಸಿಕ್ಕ ನಕ್ಷತ್ರ ಸೊನ್ನೆ. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಇದ್ದಾಗ ಸಿಕ್ಕದ್ದು ನಾಲ್ಕು ನಕ್ಷತ್ರ!

ಗಮನಿಸಿ: ಕಾರಿನ ಮೈಕಟ್ಟು ಎರಡೂ ಸಲ ಒಂದೇ, ಬದಲಾದದ್ದು ವೇರಿಯಂಟ್. ಬಳಿಕ ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಭಾರತದಲ್ಲಿ ಮಾರುವುದನ್ನೇ ನಿಲ್ಲಿಸಿತು. ಮುಂದೆ ಕಾನೂನು ಕೂಡ ಬಂದಿತು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಅದೇ ವರ್ಷದ ಜುಲೈನಿಂದ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದವು. 2021ರಲ್ಲಿ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವೆಂಬ ನಿಯಮ ಬಂದಿತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾಯಿತು.

ಆದರೂ ಕಾನೂನು ಹೇಳುವುದು ಕನಿಷ್ಠ ಎಷ್ಟಿರಬೇಕೆಂಬುದನ್ನು ಮಾತ್ರ. ಶೋರೂಮಿನಲ್ಲಿ "ಐದು ಸ್ಟಾರ್" ಎಂದು ಹೇಳಿದಾಗ ನೀವು ಕೇಳಬೇಕಾದ ಪ್ರಶ್ನೆ ಇದು: "ನಾವು ತಗೊಳ್ಳೋ ಮಾಡೆಲ್ಲಿಗೂ ಇದು ಅನ್ವಯಿಸತೈತೇನ್ರಿ?" ಜೋರಾಗಿ ಓಡುವ ಕಾರಿಗೆ ಈ ಪ್ರಶ್ನೆ ಇನ್ನೂ ಅಗತ್ಯ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ ಎಂದು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲವೇ?

10 ಲಕ್ಷದ ಗೆರೆ

ಈಗ ಗಣಿತಕ್ಕೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಐ20 ಎನ್ ಲೈನ್ ಬಿಡುಗಡೆಯಾದಾಗ ಅದಕ್ಕೆ ಎನ್6, ಎನ್8 ಎಂಬ ಎರಡು ವೇರಿಯಂಟ್ ಇದ್ದವು. ಕ್ಲಚ್ ಪೆಡಲ್ ಇಲ್ಲದೆ ಗೇರನ್ನು ಮಾತ್ರ ಕೈಯಿಂದ ಹಾಕುವ ಮಾದರಿಯಲ್ಲಿ ಎನ್6ಗೆ ಶೋರೂಂ ಬೆಲೆ ಸುಮಾರು 9.84 ಲಕ್ಷ, ಎನ್8ಗೆ ಸುಮಾರು 10.87 ಲಕ್ಷ ರೂಪಾಯಿ. ಎಂಜಿನ್ ಎರಡರಲ್ಲಿಯೂ ಅದೇ 120 ಪಿಎಸ್. ಎನ್8ಗೆ 8 ಅಂಗುಲದ ಬದಲು 10.25 ಅಂಗುಲದ ಪರದೆ, ಬೋಸ್ ಸ್ಪೀಕರ್ ಮುಂತಾದವು ಹೆಚ್ಚು. ತಾನೇ ಗೇರ್ ಬದಲಿಸುವ ಏಳು ಗೇರಿನ ಪೆಟ್ಟಿಗೆ ಬೇಕೆಂದರೆ ಎನ್8ರಲ್ಲಿ ಮಾತ್ರ ಸಿಗುತ್ತಿತ್ತು.

ವ್ಯತ್ಯಾಸ 1 ಲಕ್ಷ 3 ಸಾವಿರ ಎನಿಸುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇಕಡಾ 14, 10 ಲಕ್ಷ ದಾಟಿದರೆ ಶೇಕಡಾ 17. ಹೆಚ್ಚಿನ ದರ ಬೀಳುವುದು ಗೆರೆ ದಾಟಿದ ಹಣಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ.

ಎನ್6: 9,84,000ಕ್ಕೆ ಶೇಕಡಾ 14 = 1,37,760 ರೂ.
ಎನ್8: 10,87,000ಕ್ಕೆ ಶೇಕಡಾ 17 = 1,84,790 ರೂ.

ತೆರಿಗೆಯ ವ್ಯತ್ಯಾಸವೇ 47,030 ರೂಪಾಯಿ. ಸೆಸ್ ಮತ್ತು ವಿಮೆಯ ಹೆಚ್ಚಳ ಬೇರೆ. ಹೀಗೆ ಒಂದು ಲಕ್ಷದ ಮಾತು ಒಂದೂವರೆ ಲಕ್ಷಕ್ಕೆ ಬಂದು ನಿಂತಿತು. ಈ ಒಂದೂವರೆ ಲಕ್ಷವನ್ನು ಶೇಕಡಾ 9ರ ಬಡ್ಡಿಗೆ 5 ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು ಸುಮಾರು 3,114 ರೂಪಾಯಿ. 60 ಕಂತು ಮುಗಿಯುವಷ್ಟರಲ್ಲಿ ಕಟ್ಟಿದ್ದು ಸುಮಾರು 1,86,800 ರೂಪಾಯಿ. ಇಂದಿನ ಬೆಲೆಗಳು ಬೇರೆ; ಲೆಕ್ಕದ ದಾರಿ ಮಾತ್ರ ಇದೇ. ಕೊಳ್ಳುವ ಮುನ್ನ ತೆರಿಗೆಯ ದರವನ್ನು ವಿಜಯಪುರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ನಮ್ಮ ಊರು, ನಮ್ಮ ರಸ್ತೆ

ಕಾರು ಓಡಬೇಕಾದದ್ದು ಜಾಹೀರಾತಿನ ರಸ್ತೆಯಲ್ಲಲ್ಲ. ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದರೆ ಹಂಪು, ತಗ್ಗು, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು. ಟೈರಿನ ಮೇಲಿನ ಅಂಕಿಗಳನ್ನು ಓದಲು ಕಲಿಯಿರಿ. 195/55 ಎಂದರೆ ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 55, ಅಂದರೆ 107 ಮಿಲಿಮೀಟರ್. 185/65 ಟೈರಿನಲ್ಲಿ ಈ ಎತ್ತರ 120 ಮಿಲಿಮೀಟರ್. ದೊಡ್ಡ ಅಲಾಯ್ ಚಕ್ರ ಚೆಂದ ಕಾಣುತ್ತದೆ, ತಿರುವಿನಲ್ಲಿ ಹಿಡಿತವೂ ಚೆನ್ನಾಗಿರುತ್ತದೆ. ಆದರೆ ತಗ್ಗಿಗೆ ಬಿದ್ದಾಗ ಪೆಟ್ಟು ತಡೆಯುವ ರಬ್ಬರು ಕಡಿಮೆ, ಹಿಂದಿನ ಸೀಟಿನಲ್ಲಿ ಕುಳಿತ ಅಜ್ಜಿಯ ಸೊಂಟಕ್ಕೆ ಕುಲುಕಾಟ ಹೆಚ್ಚು.

ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್ ಹಿಂದಿನ ದೀಪವಿಲ್ಲದೆ ಹೋಗುತ್ತಿರುತ್ತದೆ. ಆದ್ದರಿಂದ ಮುಂದಿನ ದೀಪದ ಬೆಳಕು ಎಷ್ಟು ದೂರ ಬೀಳುತ್ತದೆಂದು ಕತ್ತಲಲ್ಲಿ ನೋಡಿ. ನಮ್ಮ ಬೇಸಿಗೆಗೆ ಎಸಿ ಬೇಕೇ ಬೇಕು. ಮೇಲಿನ ಗಾಜಿನ ಕಿಟಕಿ ಬೇಕೇ ಎಂಬುದನ್ನು ಮೇ ತಿಂಗಳ ಮಧ್ಯಾಹ್ನ ನೆನೆದು ನಿರ್ಧರಿಸಿ.

ಹೋಗುವ ಮುನ್ನ

ಕಂಪನಿಯ ಕರಪತ್ರದಲ್ಲಿ ಎಲ್ಲ ವೇರಿಯಂಟ್‌ಗಳ ಪಟ್ಟಿ ಇರುತ್ತದೆ. ಒಂದು ಹಾಳೆಯಲ್ಲಿ ಮೂರು ಕಲಂ ಎಳೆದು, ಪ್ರತಿಯೊಂದು ಸೌಲಭ್ಯವನ್ನೂ ಅದರ ಗುಂಪಿಗೆ ಸೇರಿಸಿ. ಮೊದಲ ಕಲಮಿನಲ್ಲಿ ಬೇಕಾದುದೆಲ್ಲ ಯಾವ ವೇರಿಯಂಟ್‌ನಿಂದ ಆರಂಭವಾಗುತ್ತದೋ ಅಲ್ಲಿ ಗುರುತು ಹಾಕಿ. ನಿಮ್ಮ ಮನೆಯ ಆಯ್ಕೆ ಅಲ್ಲಿಂದ ಆರಂಭವಾಗಲಿ, ಅದಕ್ಕಿಂತ ಕೆಳಗೆ ಇಳಿಯುವುದು ಬೇಡ. ಅದಕ್ಕೂ ಹಣ ಸಾಲದಿದ್ದರೆ ಟರ್ಬೊ ಬಿಟ್ಟು, ಆರು ಏರ್‌ಬ್ಯಾಗಿನ ಸಾದಾ ಎಂಜಿನ್ ಕಾರು ನೋಡಿ. ಅಣ್ಣ ಒಂದು ವಾರ ಮುನಿಸಿಕೊಂಡಾನು. ಆದರೆ ಕಾರು ಹತ್ತು ವರ್ಷ ಮನೆಯವರನ್ನು ಹೊತ್ತು ತಿರುಗಬೇಕು.

ಕೊನೆಯದಾಗಿ ಒಂದು ಮಾತು. ಎಷ್ಟೇ ಏರ್‌ಬ್ಯಾಗ್ ಇದ್ದರೂ ಸೀಟ್ ಬೆಲ್ಟ್ ಹಾಕದವನಿಗೆ ಅವು ಪೂರ್ತಿ ನೆರವಾಗವು. ಸೀಟ್ ಬೆಲ್ಟ್ ಬೇಸ್ ಮಾಡೆಲ್ಲಿನಲ್ಲಿಯೂ ಇರುತ್ತದೆ. ಅದಕ್ಕೆ ಹೆಚ್ಚಿಗೆ ದುಡ್ಡು ಕೊಡಬೇಕಾಗಿಲ್ಲ. ಹಿಂದೆ ಕುಳಿತವರೂ ಹಾಕಿಕೊಳ್ಳುವಂತೆ ಮಾಡುವ ಹೊಣೆ ಮನೆಯಲ್ಲಿ ಓದಿದವರಾದ ನಿಮ್ಮದು.