ಹೊಗೆಯ ದಿನಗಳಲ್ಲಿ ನಿಮ್ಮೂರಿನ ಗಾಳಿ ಹೇಗಿದೆ?

ಕಡಲೆ, ಜೋಳದ ಸುಗ್ಗಿ ಮುಗಿದ ಮೇಲೆ ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಲ್ಲಿ ಹೊಗೆ ಏಳುತ್ತದೆ. ಹತ್ತಿಕಟ್ಟಿಗೆ, ಗೋವಿನಜೋಳದ ದಂಟು, ಬದುವಿನ ಒಣಹುಲ್ಲಿಗೆ ಬೆಂಕಿ ಹಚ್ಚುವ ಕಾಲವದು. ಬೇಸಿಗೆಯಲ್ಲಿ ಕಪ್ಪತಗುಡ್ಡದಲ್ಲೂ ಕಾಡ್ಗಿಚ್ಚು ಕಾಣಿಸಿಕೊಳ್ಳುತ್ತದೆ.

ಅಂಥ ಒಂದು ಸಂಜೆ ತಾಯಿಯೊಬ್ಬರು ಉಬ್ಬಸವಿರುವ ಮಗನನ್ನು ನನ್ನ ಬಳಿ ಕರೆತಂದರು. "ಗಾಳಿ ಚಲೋ ಐತಿ ಅಂತ ಮೊಬೈಲ್‌ನ್ಯಾಗ ತೋರಸ್ತೈತ್ರಿ, ಅದಕ್ಕ ಹೊರಗ ಆಡಾಕ ಬಿಟ್ಟಿದ್ನಿ" ಎಂದರು. ಮೊಬೈಲಿನಲ್ಲಿ ಹಸಿರು ಬಣ್ಣವಿತ್ತು, ಹುಡುಗನ ಎದೆಯಲ್ಲಿ ಸೀಟಿಯ ಸದ್ದಿತ್ತು. ಮೊಬೈಲ್ ಸುಳ್ಳು ಹೇಳಿರಲಿಲ್ಲ. ಅದು ತೋರಿಸಿದ್ದು ಗದಗ ನಗರದ ಗಾಳಿಯನ್ನು. ಹೊಗೆ ಇದ್ದದ್ದು ಅವರ ಮನೆಯ ಹಿಂದಿನ ಹೊಲದಲ್ಲಿ.

ಅಂಕಿ ಓದುವುದು ಹೇಗೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆಪ್‌ನಲ್ಲಿ ಗದಗದ ಗಾಳಿ ಗುಣಮಟ್ಟದ ಸೂಚ್ಯಂಕ ಸಿಗುತ್ತದೆ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ. 200 ದಾಟಿದರೆ ಕಳಪೆ, 300 ದಾಟಿದರೆ ಅತಿ ಕಳಪೆ, 400 ದಾಟಿದರೆ ತೀವ್ರ. ಉಬ್ಬಸ, ಹೃದ್ರೋಗ ಇರುವವರು, ಮಕ್ಕಳು, ವೃದ್ಧರು 100 ದಾಟಿದಾಗಲೇ ಎಚ್ಚರವಾಗಬೇಕು.

ಇನ್ನೊಂದು ಮಾತು ನೆನಪಿಡಿ. ಹೊಗೆಯ ಸೂಕ್ಷ್ಮ ಕಣಗಳನ್ನು (ಪಿಎಂ 2.5) ಸೂಚ್ಯಂಕಕ್ಕೆ ಲೆಕ್ಕ ಹಾಕುವುದು 24 ಗಂಟೆಗಳ ಸರಾಸರಿಯಲ್ಲಿ. ಸಂಜೆ ಎರಡು ತಾಸು ಕವಿದ ಹೊಗೆ ಅದರಲ್ಲಿ ಪೂರ್ತಿ ಕಾಣುವುದಿಲ್ಲ.

ಆದ್ದರಿಂದ ಕಣ್ಣು, ಮೂಗನ್ನೂ ಬಳಸಿ. ದಿನವೂ ಸ್ಪಷ್ಟವಾಗಿ ಕಾಣುವ ನರಗುಂದದ ಗುಡ್ಡ ಅಥವಾ ಗಜೇಂದ್ರಗಡದ ಗಾಳಿಯಂತ್ರಗಳು ಮಸುಕಾಗಿವೆಯೇ? ಸುಟ್ಟ ವಾಸನೆ ಇದೆಯೇ? ಗಾಳಿ ಹೊಲದ ಕಡೆಯಿಂದ ಬೀಸುತ್ತಿದೆಯೇ? ಹೌದಾದರೆ ಅಂಕಿ ಏನೇ ಇರಲಿ, ಒಳಗಿರಿ. ತಂಪಿನ ಮುಂಜಾನೆ ಹೊಗೆ ನೆಲದ ಹತ್ತಿರವೇ ನಿಲ್ಲುತ್ತದೆ. ಫಜ್ರ್ ನಮಾಜಿನ ನಂತರ ವಾಯುವಿಹಾರ ಮಾಡುವವರು ಅಂಥ ದಿನ ಬಿಸಿಲೇರುವವರೆಗೆ ಕಾಯುವುದು ಒಳ್ಳೆಯದು.

ಮನೆಯಲ್ಲಿ ಏನು ಮಾಡಬೇಕು?

ಹೊಗೆ ಬರುವ ದಿಕ್ಕಿನ ಕಿಟಕಿ ಮುಚ್ಚಿ. ಒಳಗೆ ಲೋಬಾನ, ಅಗರಬತ್ತಿ ಹಚ್ಚಬೇಡಿ, ಅದೂ ಹೊಗೆಯೇ. ಕರವಸ್ತ್ರ, ಒದ್ದೆ ಬಟ್ಟೆ ಸೂಕ್ಷ್ಮ ಕಣಗಳನ್ನು ತಡೆಯಲಾರವು. ಮುಖಕ್ಕೆ ಸರಿಯಾಗಿ ಕೂರುವ ಎನ್‌-95 ಮಾಸ್ಕ್ ಬೇಕು.

ಯುನಾನಿ ವೈದ್ಯದಲ್ಲಿ ಬದುಕಿಗೆ ಅಗತ್ಯವಾದ ಆರು ಸಂಗತಿಗಳಲ್ಲಿ ಮೊದಲನೆಯದೇ ಗಾಳಿ. ಜೋಶಾಂದಾ ಗಂಟಲಿಗೆ ಹಿತ ನೀಡಬಹುದು. ಆದರೆ ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಬೇಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹೊಲವಿರುವವರಲ್ಲಿ ಒಂದು ವಿನಂತಿ: ದಂಟನ್ನು ಸುಡುವ ಬದಲು ಕತ್ತರಿಸಿ ಮಣ್ಣಿಗೆ ಸೇರಿಸಿ, ಇಲ್ಲವೇ ತಿಪ್ಪೆಗೆ ಹಾಕಿ. ಗೊಬ್ಬರವೂ ಆಗುತ್ತದೆ, ಪಕ್ಕದ ಮನೆಯ ಮಗು ರಾತ್ರಿ ನೆಮ್ಮದಿಯಾಗಿ ಮಲಗುತ್ತದೆ.