ಗುರುವಾರದ ಗುಳಿಗೆ

ನಮ್ಮ ಮನೆಯಲ್ಲೊಂದು ಹಿತ್ತಾಳೆಯ ಕುಟ್ಟಾಣಿ ಇತ್ತು. ನನ್ನ ತಾಯಿ ಎಲೆ-ಅಡಿಕೆ ಕುಟ್ಟುತ್ತಿದ್ದದ್ದು. ಆಕೆಯ ನಂತರ ಅದರಲ್ಲಿ ಚಹಾಕ್ಕೆ ಶುಂಠಿ, ಏಲಕ್ಕಿ ಜಜ್ಜುತ್ತಿದ್ದೆವು. ಈಗ ಅದು ಅಡುಗೆಮನೆಯಲ್ಲಿಲ್ಲ. ಯಾಕೆ ಎಂಬುದೇ ಈ ಬರಹ.

ನನ್ನ ಹೆಂಡತಿಗೆ ಹದಿನೈದು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಕೈಬೆರಳುಗಳು ಸೊಟ್ಟಗಾಗಿವೆ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಆಕೆಯನ್ನು ನೋಡಿಕೊಳ್ಳಲು ಒಬ್ಬ ಹುಡುಗಿಯನ್ನು ಗೊತ್ತು ಮಾಡಿದೆವು. ಮುಂಜಾನೆ ಚಿಗರಿ ಬಸ್ಸಿನಲ್ಲಿ ಅಮರಗೋಳಕ್ಕೆ ಬಂದು, ಸಂಜೆ ಆರಕ್ಕೆ ತಿರುಗಿ ಹೋಗುತ್ತಿದ್ದಳು. ಮದುವೆಯಾಗಿ ಒಂದು ವರ್ಷವಾಗಿತ್ತು. ಕೆಲಸದಲ್ಲಿ ಬಲು ಚುರುಕು. ಆಕೆಯನ್ನು ಕಳಿಸಿದವರು ಕೊಟ್ಟ ಕಾಗದದಲ್ಲಿ ಸ್ನಾನ, ಊಟ, ನಡಿಗೆ, ‘ವೇಳೆಗೆ ಸರಿಯಾಗಿ ಔಷಧ’ ಎಂದೆಲ್ಲ ಬರೆದಿತ್ತು. ಎಂಥ ಔಷಧ, ಹೇಗೆ ಮುಟ್ಟಬೇಕು ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಹೆಂಡತಿಗೆ ವಾರಕ್ಕೊಮ್ಮೆ, ಗುರುವಾರ, ಮೆಥೊಟ್ರೆಕ್ಸೇಟ್ ಎಂಬ ಹಳದಿ ಗುಳಿಗೆ. ಬರಬರುತ್ತ ಆಕೆಗೆ ನುಂಗುವುದು ಕಷ್ಟವಾಯಿತು, ಗಂಟಲಲ್ಲಿ ಸಿಕ್ಕಿ ಕೆಮ್ಮು. ಆಗ ಬುದ್ಧಿವಂತನಾದ ನಾನೇ ಹೇಳಿದೆ, “ಕುಟ್ಟಾಣ್ಯಾಗ ಪುಡಿ ಮಾಡಿ ಜೇನಿನ್ಯಾಗ ಕಲಿಸಿ ಕೊಡವಾ.” ಹುಡುಗಿ ಹಾಗೇ ಮಾಡಿದಳು. ಅಂಚಿಗೆ ಅಂಟಿದ ಪುಡಿಯನ್ನು ಉಫ್ ಎಂದು ಊದಿ, ಬೆರಳಿನಿಂದ ಒರೆಸಿ ತೆಗೆಯುತ್ತಿದ್ದಳು. ಆಮೇಲೆ ಅದೇ ಕುಟ್ಟಾಣಿಯಲ್ಲಿ ಶುಂಠಿ. ಆ ಚಹಾವನ್ನು ಮೊಮ್ಮಗನೂ ಕುಡಿದಿದ್ದಾನೆ.

ಹೀಗೆ ಏಳೆಂಟು ಗುರುವಾರ ನಡೆಯಿತು. ಒಂದು ದಿನ ಹುಡುಗಿ ನಾಚುತ್ತ, “ಅಮ್ಮಾರ, ಇನ್ನ ನಾಕೈದು ತಿಂಗಳಷ್ಟ ಬರತೇನ್ರಿ” ಎಂದಳು. ಹೆಂಡತಿ ಅರ್ಥಮಾಡಿಕೊಂಡು ಕುಬಸದ ಕಣ ಕೊಟ್ಟಳು. ಅದೇ ವಾರ ಗುಳಿಗೆ ತರಲು ಹೋದಾಗ ಔಷಧ ಅಂಗಡಿಯವರು, “ಅಮ್ಮಾರಿಗೆ ನುಂಗಾಕ ಬರತೈತೇನ್ರಿ?” ಎಂದು ಕೇಳಿದರು. ಕುಟ್ಟಿ ಕೊಡುತ್ತೇವೆಂದು ನಾನು ಹೆಮ್ಮೆಯಿಂದ ಹೇಳಿದೆ. ಅವರ ಮುಖ ಬದಲಾಯಿತು.

“ಯಾರ ಕುಟ್ಟತಾರ್ರಿ?”

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲಪತ್ರದ ಸಣ್ಣಕ್ಷರಗಳನ್ನೆಲ್ಲ ಓದಿದವನು ನಾನು. ಗುಳಿಗೆಯ ಡಬ್ಬಿಯಲ್ಲಿದ್ದ ಚೀಟಿಯನ್ನು ಆ ದಿನವೇ ಮೊದಲ ಸಲ ಬಿಡಿಸಿ ಓದಿದ್ದು.

ಮೆಥೊಟ್ರೆಕ್ಸೇಟ್ ಮೂಲತಃ ಕ್ಯಾನ್ಸರಿನ ಮದ್ದು. ಅದನ್ನು ರೂಪಿಸಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯ; ಅಲ್ಲಿ ಸಂಶೋಧನೆಯ ಮುಂದಾಳಾಗಿದ್ದವರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಮಕ್ಕಳೇ, ಈ ಹೆಸರು ನೆನಪಿಟ್ಟುಕೊಳ್ಳಿ, ದೊಡ್ಡ ವಿಜ್ಞಾನಿ. ಜೀವಕೋಶ ಎರಡಾಗಲು ಫೋಲಿಕ್ ಆಮ್ಲ ಬೇಕು. ಈ ಮದ್ದು ಅದರ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶ ಅದರಿಂದ ಸಾಯುತ್ತದೆ. ಆದರೆ ಹೊಟ್ಟೆಯಲ್ಲಿರುವ ಕೂಸಿಗಿಂತ ಬೇಗ ಬೆಳೆಯುವುದು ಇನ್ನೇನಿದೆ? ಸಂಧಿವಾತಕ್ಕೆ ಕೊಡುವ ಪ್ರಮಾಣ ತೀರ ಕಡಿಮೆ, ನಿಜ. ಆದರೂ ಬಸುರಿಯರು ಈ ಪುಡಿಯ ಹತ್ತಿರವೂ ಸುಳಿಯಬಾರದು.

ಇಂಥ ಮದ್ದು ರೋಗಿಯನ್ನಷ್ಟೇ ಅಲ್ಲ, ಕೊಡುವ ಕೈಯನ್ನೂ ತಟ್ಟುತ್ತದೆ ಎಂಬ ಸುಳಿವು 1979ರಲ್ಲೇ ಸಿಕ್ಕಿತ್ತು. ಕ್ಯಾನ್ಸರ್ ಔಷಧ ನಿರ್ವಹಿಸುತ್ತಿದ್ದ ನರ್ಸುಗಳ ಮೂತ್ರದಲ್ಲಿ ವಂಶವಾಹಿಗಳನ್ನು ಕೆಡಿಸಬಲ್ಲ ಅಂಶವನ್ನು ಫಿನ್ಲೆಂಡಿನ ಸಂಶೋಧಕರು ಕಂಡಿದ್ದರು. ಆಸ್ಪತ್ರೆಗಳಲ್ಲಿ ಅಂದಿನಿಂದ ಎಚ್ಚರಿಕೆ ಬಂತು. ಮನೆಗಳಿಗೆ ಬಂದಿಲ್ಲ. ನಮ್ಮ ಪಕ್ಕದ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕೀಮೋ ಮುಗಿಸಿ ಮನೆಗೆ ಮರಳುವ ಹಿರಿಯರ ಹಾಸಿಗೆ ಬಟ್ಟೆ ಒಗೆಯುವವಳು ಸೊಸೆ ಅಥವಾ ಕೆಲಸದಾಕೆ. ಕೀಮೋ ಆದ ಮೇಲೆ ಕನಿಷ್ಠ ಎರಡು ದಿನ ರೋಗಿಯ ಮಲ, ಮೂತ್ರ, ವಾಂತಿಯಲ್ಲಿ ಮದ್ದಿನ ಅಂಶ ಇರುತ್ತದೆಂದು ಆಕೆಗೆ ಯಾರಾದರೂ ಹೇಳಿರುತ್ತಾರೆಯೇ? ಕೈಗವಸು ಬೇಕು, ಆ ಬಟ್ಟೆ ಬೇರೆಯಾಗಿ ಒಗೆಯಬೇಕು. ಗಂಡಸರ ಪ್ರಾಸ್ಟೇಟ್ ತೊಂದರೆಗೆ ಕೊಡುವ ಡುಟಾಸ್ಟೆರೈಡ್ ಕ್ಯಾಪ್ಸೂಲ್ ಕೂಡ ಒಡೆದಿದ್ದರೆ ಬಸುರಿಯರು ಮುಟ್ಟಬಾರದು. ಅದರೊಳಗಿನದು ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಇದನ್ನು ನಾನೇ ನುಂಗುತ್ತಿದ್ದೆ, ನನಗೂ ಗೊತ್ತಿರಲಿಲ್ಲ!

ಹುಡುಗಿಗೆ ಹೇಳುವುದು ಹೇಗೆ? ಒಂದು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಆಕೆಯ ಗಂಡನನ್ನೂ ಕರೆಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆತ ಏನೂ ಮಾತಾಡಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹೆರಿಗೆ ಡಾಕ್ಟರರು, “ಪುಡಿ ಎಷ್ಟು ಒಳಗೆ ಹೋಗಿದೆಯೋ ಹೇಳಲಾಗದು, ಸ್ಕ್ಯಾನ್ ಮಾಡಿ ನೋಡುತ್ತಿರೋಣ” ಎಂದರು. ಖರ್ಚು ನಾನು ಕೊಟ್ಟೆ. ಅದೇನು ದೊಡ್ಡಸ್ತಿಕೆಯಲ್ಲ. ಆರು ತಿಂಗಳು ಫೋನ್ ಬಾರಿಸಿದಾಗಲೆಲ್ಲ ಎದೆ ಹಾರುತ್ತಿತ್ತು. ಹೆಣ್ಣು ಕೂಸು ಹುಟ್ಟಿತು, ಚೆನ್ನಾಗಿದೆ.

ಹೆಂಡತಿಯ ಡಾಕ್ಟರರು ಗುಳಿಗೆ ಬಿಡಿಸಿ ಅದೇ ಮದ್ದಿನ ಇಂಜೆಕ್ಷನ್ ಬರೆದರು. ಮೊದಲೇ ಕೇಳಿದ್ದರೆ ಮೊದಲೇ ಬರೆಯುತ್ತಿದ್ದರು. ಅದನ್ನು ಆಸ್ಪತ್ರೆಯಲ್ಲಿ ನರ್ಸೇ ಕೊಡುತ್ತಾರೆ. ವಾರದ ಮದ್ದನ್ನು ತಪ್ಪಿ ದಿನವೂ ಕೊಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಹಾಗಾಗಿ ಕ್ಯಾಲೆಂಡರಿನ ಗುರುವಾರಗಳಿಗೆ ಮೊಮ್ಮಗ ಕೆಂಪು ಸುತ್ತು ಹಾಕುತ್ತಾನೆ. ಮದ್ದಾದ ಮೇಲೆ ನನ್ನದೊಂದು ಸಹಿ, ನೋಡಿಕೊಳ್ಳುವವಳದೊಂದು ಸಹಿ. ಬ್ಯಾಂಕಿನಲ್ಲಿ ಒಬ್ಬನ ಸಹಿಗೆ ಹಣ ಹೊರಗೆ ಹೋಗುತ್ತಿರಲಿಲ್ಲ.

ಈಗಿರುವಾಕೆ ಐವತ್ತರ ಆಸುಪಾಸಿನವಳು. ಮೊದಲ ದಿನ ಆಕೆಯ ಕೈಗೆ ಕೈಗವಸಿನ ಡಬ್ಬಿ ಕೊಟ್ಟು, ಯಾವ ಗುಳಿಗೆ ಒಡೆಯಬಾರದು, ಯಾವ ಬಟ್ಟೆ ಬೇರೆ ಒಗೆಯಬೇಕು ಎಂದು ಹೇಳುತ್ತಿದ್ದೆ. ಆಕೆ ಹಿಂದೆ ಸರಿದು, “ಅಮ್ಮಾರಿಗೆ ಏನರ ಅಂಟು ರೋಗ ಐತೇನ್ರಿ?” ಎಂದಳು.

ಒಳಗಿನಿಂದ ನನ್ನ ಹೆಂಡತಿ ಕೂಗಿದಳು: “ರೋಗ ಅಂಟೂದಿಲ್ಲವಾ, ಔಷಧ ಅಂಟತೈತಿ. ಹಾಕ್ಕೋ!”